ಗಾಬ್ಲಿನ್‌ಗೆ ಯಾಕ್ರೀ ಹಕಾರ ಬರಲ್ಲ?

ಮೊದಲೇ ಹೇಳಿಬಿಡ್ತೀನಿ, ಇದರಲ್ಲಿ ಬೈಗುಳ ಇದೆ. ಮೊದಲ ಪಾಲು ನನಗೇ.

ನಾವು ಐದು ಜನ ಗೆಳೆಯರು ಭಾನುವಾರ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೀವಿ. 1974ರಿಂದ ಇರೋ ಆಟ ಇದು. ಗೊತ್ತಿಲ್ಲದವರಿಗೆ ಹೇಳೋದಾದ್ರೆ, ಒಬ್ಬ ಕಥೆ ಹೇಳ್ತಾ ಹೋಗ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಏನು ಮಾಡ್ತೀವಿ ಅಂತ ಹೇಳ್ತಾರೆ, ಗೆದ್ದರೋ ಸೋತರೋ ಅನ್ನೋದು ದಾಳ ಬಿದ್ದ ಹಾಗೆ. ನಾವು ಆಡೋದು ಕನ್ನಡದಲ್ಲಿ. ಕಥೆ ಹೇಳೋನು ನಾನು. ಹಾಗಾಗಿ ಆ ಲೋಕದ ಭಾಷೆಗಳನ್ನ ಹುಟ್ಟಿಸೋ ಕೆಲಸವೂ ನನ್ನದೇ.

ನಾನೇನು ಮಾಡಿದೆ? ಎಲ್ಫ್‌ಗಳಿಗೆ ಸಂಸ್ಕೃತದ ಪದಗಳನ್ನ ಸ್ವಲ್ಪ ತಿರುಚಿ ಕೊಟ್ಟೆ. ಗುಹೆಯಲ್ಲಿ ಅಡಗಿ ದಾರಿಹೋಕರನ್ನ ದೋಚೋ ಗಾಬ್ಲಿನ್‌ಗಳಿಗೆ? ಕನ್ನಡ ಪದಗಳ ಹಕಾರ ಕಿತ್ತುಹಾಕಿದೆ. ಹಣ ಹೋಗಿ ಅಣ ಆಯ್ತು, ಹೊಡಿ ಹೋಗಿ ಒಡಿ ಆಯ್ತು. ಸಾಲದು ಅಂತ ದನಿ ಬೇರೆ ಒರಟು ಮಾಡಿ ಹೇಳಿದೆ. ಎಲ್ಲರೂ ನಕ್ಕರು. ಮಂಡ್ಯ ಕಡೆಯ ಗೆಳೆಯನೂ ನಕ್ಕ. ಆಟ ಮುಗಿದು ಚಪ್ಪಲಿ ಹಾಕ್ಕೊಳ್ತಾ ಅಂದ: "ನಮ್ಮಜ್ಜಿ ಇಂಗೇ ಮಾತಾಡೋದು ಕಣೋ."

ಅಷ್ಟೇ ಅಂದಿದ್ದು. ಜಗಳ ಆಡಿದ್ರೆ ವಾಸಿಯಿತ್ತು.

"ಆಟ ತಾನೇ, ಯಾಕಿಷ್ಟು ತಲೆ ಕೆಡಿಸ್ಕೊಳ್ತೀಯ" ಅಂತೀರಾ? ಆಟ ಅಂತಲೇ ಭಯ ಸ್ವಾಮಿ. ಪದ ಹುಟ್ಟಿಸೋಕೆ ಕೂತಾಗ ನಮ್ಮ ಕಿವಿಯಲ್ಲಿ ಮೊದಲೇ ಕೂತಿರೋ ತೀರ್ಪುಗಳು ಒಂದೊಂದಾಗಿ ಈಚೆ ಬರ್ತವೆ. ಟೋಲ್ಕಿನ್ ಫಿನ್ನಿಶ್ ಭಾಷೆಯ ಸೊಗಸಿಗೆ ಮನಸೋತು ಕ್ವೆನ್ಯಾ ಕಟ್ಟಿದ, ವೆಲ್ಶ್ ಜಾಡಿನಲ್ಲಿ ಸಿಂದಾರಿನ್ ಕಟ್ಟಿದ. ತನಗೆ ಪ್ರೀತಿಯ ಸದ್ದೆಲ್ಲ ಎಲ್ಫ್‌ಗಳಿಗೆ, ಕರ್ಕಶ ಅನ್ನಿಸಿದ್ದು ಮೊರ್ಡೋರ್‌ಗೆ. 2015ರ ಬಾಹುಬಲಿಯಲ್ಲಿ ಕಾಲಕೇಯರು ಆಡೋ ಕಿಲಿಕಿ ನೆನಪಿದೆಯಲ್ಲ? ಮದನ್ ಕಾರ್ಕಿ ಅದಕ್ಕೆ ವ್ಯಾಕರಣವನ್ನೇ ಕಟ್ಟಿದ್ದಾರೆ. ಆದರೆ ತೆರೆಯ ಮೇಲೆ ಹಾಗೆ ನಾಲಗೆ ಲೊಚಗುಟ್ಟಿಸೋರು ಕಪ್ಪು ಮೈಯ ಕ್ರೂರಿಗಳು ಮಾತ್ರ. ದಕ್ಷಿಣ ಆಫ್ರಿಕಾದ ಖೋಸಾ ಭಾಷೆಯಲ್ಲಿ ಅಂಥ ಸದ್ದುಗಳು ನಮ್ಮ ಕ, ಚ, ಟ ಇದ್ದ ಹಾಗೆ ದಿನಬಳಕೆಯ ವ್ಯಂಜನಗಳು. ಮಂಡೇಲಾ ಅವರ ತಾಯ್ನುಡಿ ಅದು!

ಇನ್ನು ನಮ್ಮ ಹಕಾರದ ಕಥೆ ಕೇಳಿ. ಹಳಗನ್ನಡದ ಪಾಲು, ಪುಲಿ, ಪಳ್ಳಿ ಮುಂದೆ ಹಾಲು, ಹುಲಿ, ಹಳ್ಳಿ ಆದವು. ಅದನ್ನ ಭಾಷೆಯ ಬೆಳವಣಿಗೆ ಅಂತ ಶಾಲೆಯಲ್ಲಿ ಓದಿ ಅಂಕ ತಗೊಂಡಿದ್ದೀವಿ. ಆಲು, ಉಲಿ, ಅಳ್ಳಿ ಅನ್ನೋದು ಅದೇ ದಾರಿಯ ಮುಂದಿನ ಹೆಜ್ಜೆ. ಮೊದಲ ಹೆಜ್ಜೆಗೆ ಅಂಕ, ಎರಡನೇದಕ್ಕೆ ಗೇಲಿ. ಇದ್ಯಾವ ನ್ಯಾಯ? ಧಾರಾವಾಹಿಗಳಲ್ಲಿ ಯಜಮಾನರಿಗೊಂದು ಕನ್ನಡ, ಮನೆಕೆಲಸದವರಿಗೊಂದು ಕನ್ನಡ. ಹಾಸ್ಯ ಬರಹ ಬರೆಯೋವಾಗ ನಾವು ಬ್ಲಾಗಿಗರು ಮಾಡೋದೂ ಇದನ್ನೇ, ಸುಳ್ಳಾ?

ಒರಟು ಸದ್ದೇ ಬೇಡ ಅಂತ ನಾನು ಹೇಳ್ತಿಲ್ಲ. ಮಾರ್ಕ್ ಓಕ್ರಾಂಡ್ ಕಟ್ಟಿದ ಕ್ಲಿಂಗಾನ್ ಗಂಟಲಲ್ಲೇ ಗುದ್ದಾಡುತ್ತೆ. 1985ರಲ್ಲಿ ಅದರ ನಿಘಂಟು ಬಂತು, ಆಮೇಲೆ ಅಭಿಮಾನಿಗಳು ಹ್ಯಾಮ್ಲೆಟ್ ನಾಟಕವನ್ನೇ ಅದಕ್ಕೆ ತಂದರು. ಒರಟು ಭಾಷೆಯಲ್ಲಿ ದುಃಖವನ್ನೂ ಹೇಳಬಹುದು ಅಂತ ಅವರಿಗೆ ಗೊತ್ತಿತ್ತು. ಇಡೀ ಕುಲವನ್ನೇ ಹುಟ್ಟಾ ಕೆಟ್ಟವರು ಮಾಡೋದನ್ನ ಬಿಡ್ತೀವಿ, ಆರ್ಕ್‌ಗಳನ್ನೂ ಉಳಿದವರ ಹಾಗೇ ತೋರಿಸ್ತೀವಿ ಅಂತ ಈ ಆಟದ ಪ್ರಕಾಶಕರೇ 2020ರಲ್ಲಿ ಹೇಳಿದರು. ನಮಗೇನು ಧಾಡಿ?

ಪದ ಹುಟ್ಟಿಸಿ, ಆದರೆ ಅಕ್ಕಪಕ್ಕದವರ ಮಾತು ಕದ್ದು ಅದಕ್ಕೆ ಕೋರೆಹಲ್ಲು ಅಂಟಿಸಬೇಡಿ. ಸಾವಿರ ಪದದ ನಿಘಂಟೂ ಬೇಕಿಲ್ಲ. ಇಪ್ಪತ್ತು ಬೇರುಪದ, ಒಂದೆರಡು ನಿಯಮ ಸಾಕು. ನಾನು ನಮ್ಮ ಆದೇಶ ಸಂಧಿಯನ್ನೇ ಎರವಲು ತಗೊಂಡೆ. ಮಳೆ, ಕಾಲ ಸೇರಿ ಮಳೆಗಾಲ ಆಗೋ ಹಾಗೆ. ಈಗ ನಮ್ಮ ಗಾಬ್ಲಿನ್‌ಗಳಿಗೆ 'ತೂ' ಅಂದ್ರೆ ಕಲ್ಲು, 'ಕೆರು' ಅಂದ್ರೆ ಮನೆ. 'ತೂಗೆರು' ಅಂದ್ರೆ ಗುಹೆ. 'ಪಮ' ಅಂದ್ರೆ ತಾಯಿ, 'ತೂಬಮ' ಅಂದ್ರೆ ಬೆಟ್ಟ. ಈ ಕೊನೇದನ್ನ ನಾನು ಬಿಡಿಸಿ ಹೇಳೋ ಮೊದಲೇ ಆಟಗಾರರು ಊಹಿಸಿಬಿಟ್ಟರು. ಗುಹೆಯನ್ನ ಮನೆ ಅಂತ ಕರೆದಮೇಲೆ ಕತ್ತಿ ಹಿಡ್ಕೊಂಡು ನುಗ್ಗೋಕೆ ಅವರಿಗೂ ಹಿಂಜರಿಕೆ ಆಯ್ತು. ಮೊದಲ ಸಲ ಗಾಬ್ಲಿನ್ ಜತೆ ಕೂತು ಮಾತಾಡಿದರು.

ಹಕಾರ ಏನಾಯ್ತು ಅಂದ್ರಾ? ಈಗ ನಮ್ಮ ಎಲ್ಫ್ ರಾಣಿಗೆ ಹಕಾರ ಬರಲ್ಲ. "ಇಂಗೇ ಆಗಬೇಕು" ಅಂತಾಳೆ, ಇಡೀ ಆಸ್ಥಾನ ತಲೆಬಾಗುತ್ತೆ. ಅವಳ ಮಾತುಗಳನ್ನೆಲ್ಲ ಮಂಡ್ಯದ ಗೆಳೆಯನೇ ಬರೆದುಕೊಡ್ತಾನೆ, ಅಜ್ಜಿಯನ್ನ ಕೇಳಿಕೊಂಡು.