ಕುಡಿತ ಬಿಡಬಯಸುವವನಿಗೆ ಮೊಹಲ್ಲಾದಲ್ಲಿ ಜಾಗವಿಲ್ಲವೇ?

ಮದ್ಯಪಾನದ ವಿರುದ್ಧ ಭಾಷಣ ಮಾಡಲು ನಮ್ಮಲ್ಲಿ ಜನರ ಕೊರತೆಯಿಲ್ಲ. ಜುಮಾ ಖುತುಬಾಗಳಲ್ಲಿ, ಮೀಲಾದ್ ವೇದಿಕೆಗಳಲ್ಲಿ, ಮದುವೆ ಮನೆಯ ಹಿತವಚನಗಳಲ್ಲೂ ಅದು ಸಕಲ ಕೆಡುಕುಗಳ ತಾಯಿ ಎಂದು ಸಾರಲಾಗುತ್ತದೆ. ಆದರೆ ಹಿಂದಿನ ಸಾಲಿನಲ್ಲಿ ತಲೆತಗ್ಗಿಸಿ ಕುಳಿತು ಅದನ್ನು ಆಲಿಸುವವನು, ನಮಾಝ್ ಮುಗಿದ ಬಳಿಕ ತಾನು ಎಲ್ಲಿಗೆ ಹೋಗಬೇಕೆಂದು ಕೇಳಿದರೆ ನಮ್ಮ ಬಳಿ ಉತ್ತರವಿದೆಯೇ? ಮದ್ಯ ಹರಾಮ್ ಎಂಬುದು ಅವನಿಗೆ ಗೊತ್ತಿಲ್ಲವೆಂದು ಭಾವಿಸುವುದು ಮೌಢ್ಯ. ಗೊತ್ತಿದ್ದೂ ಬಿಡಲಾಗದಿರುವುದೇ ಅವನ ರೋಗ.

ನಮ್ಮ ಸಮುದಾಯದಲ್ಲಿ ಈ ಪಿಡುಗು ಇಲ್ಲವೆಂಬ ಹೆಮ್ಮೆಯ ಮಾತು ಆಗಾಗ ಕೇಳಿಬರುತ್ತದೆ. ಇತರರಿಗೆ ಹೋಲಿಸಿದರೆ ಕಡಿಮೆ ಇರಬಹುದು, ನಿಜ. ಆದರೆ ಬಚ್ಚಿಟ್ಟ ರೋಗಕ್ಕೆ ಮದ್ದು ತಡವಾಗಿ ಸಿಗುತ್ತದೆ. ಕೇಂದ್ರ ಸರಕಾರದ ಪರವಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಮದ್ಯವ್ಯಸನಿಗಳ ಪೈಕಿ 38 ಮಂದಿಯಲ್ಲಿ ಒಬ್ಬರಿಗಷ್ಟೇ ಏನಾದರೊಂದು ಚಿಕಿತ್ಸೆ ದೊರೆತಿತ್ತು. ಇದು ಕುಡಿತವನ್ನು ಅಷ್ಟಾಗಿ ಮುಚ್ಚಿಡದ ಸಮುದಾಯಗಳನ್ನೂ ಒಳಗೊಂಡ ಲೆಕ್ಕ. ಮುಚ್ಚಿಡುವುದನ್ನೇ ಮರ್ಯಾದೆ ಎಂದುಕೊಂಡ ನಮ್ಮ ಮನೆಗಳ ಸ್ಥಿತಿಯನ್ನು ಓದುಗರೇ ಊಹಿಸಲಿ.

ಸರಕಾರದಿಂದ ನಿರೀಕ್ಷಿಸುವುದಾದರೂ ಏನನ್ನು? ಸಂವಿಧಾನದ 47ನೇ ವಿಧಿ ಪಾನನಿಷೇಧಕ್ಕೆ ಯತ್ನಿಸಬೇಕೆನ್ನುತ್ತದೆ. ಕರ್ನಾಟಕವು 2007ರಲ್ಲಿ ಸಾರಾಯಿಯನ್ನು ನಿಷೇಧಿಸಿತು. ಆದರೆ 2023-24ರಲ್ಲಿ ಅಬಕಾರಿಯಿಂದ ಬಂದ ಆದಾಯ 30 ಸಾವಿರ ಕೋಟಿ ರೂಪಾಯಿಯನ್ನು ಮೀರಿತು. ಬಡವನ ಪ್ಯಾಕೆಟ್ ಹೋಗಿ ಬಡವನ ಕ್ವಾರ್ಟರ್ ಬಂತು, ಅಷ್ಟೇ.

ಹಾಗಾದರೆ ದಾರಿ ಎಲ್ಲಿದೆ? 1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರಸ್ಥ ಮತ್ತು ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರಚಿಕಿತ್ಸಕ, ಇಬ್ಬರೂ ಕುಡಿತದಿಂದ ಬದುಕು ಹಾಳುಮಾಡಿಕೊಂಡವರು, ಒಬ್ಬರಿಗೊಬ್ಬರು ಆಸರೆಯಾದರು. ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಹೀಗೆ. ಕರ್ನಾಟಕದ ಪಟ್ಟಣಗಳಲ್ಲೂ ಅದರ ಸಭೆಗಳು ನಡೆಯುತ್ತವೆ. ಅಲ್ಲಿ ಶುಲ್ಕವಿಲ್ಲ, ಮನೆತನವನ್ನು ಕೇಳುವವರಿಲ್ಲ. ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಸದಸ್ಯತ್ವದ ಅರ್ಹತೆ. ಸಭೆಗಳಲ್ಲಿ ಎರಡು ಬಗೆ: ಮುಚ್ಚಿದ ಸಭೆ ವ್ಯಸನಿಗಳಿಗೆ ಮಾತ್ರ, ತೆರೆದ ಸಭೆಗೆ ಮನೆಯವರೂ ಹೋಗಬಹುದು. ಯಾವ ದಿನ, ಯಾವ ಭಾಷೆಯಲ್ಲಿ ಎಂಬುದನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಲೇಸು. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಸಾಮಾನ್ಯವಾಗಿ ಈ ಮಾಹಿತಿ ಸಿಗುತ್ತದೆ. ವ್ಯಸನಮುಕ್ತಿಗಾಗಿ 14446 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಯೂ ಇದೆ.

ಒಂದು ಎಚ್ಚರಿಕೆ. ಕೆಲವೆಡೆ ವ್ಯಸನಿಯನ್ನು ಹಿಡಿದು ತಂದು ಕುರ್‌ಆನ್ ಮುಟ್ಟಿಸಿ ಆಣೆ ಮಾಡಿಸಿ ಕೋಣೆಯಲ್ಲಿ ಕೂಡಿಹಾಕುವ ಕ್ರಮವಿದೆ. ವರ್ಷಗಟ್ಟಲೆ ವಿಪರೀತ ಕುಡಿದವನು ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಎರಡು ಮೂರು ದಿನಗಳಲ್ಲಿ ಭ್ರಮೆ, ಸನ್ನಿ ಕಾಣಿಸಿಕೊಳ್ಳಬಹುದು, ಜೀವವೂ ಹೋಗಬಹುದು. ಮೊದಲು ವೈದ್ಯರು, ಆಮೇಲೆ ಸಭೆ. ಆಣೆಯ ಭಾರದಿಂದ ನರಮಂಡಲ ಸರಿಯಾಗುವುದಿಲ್ಲ.

ಹಲವು ಸಭೆಗಳು ಚರ್ಚಿನ ಕೋಣೆಗಳಲ್ಲಿ ನಡೆಯುತ್ತವೆ, ನಾವು ಹೋಗುವುದು ಹೇಗೆ ಎಂಬ ಆಕ್ಷೇಪವಿದೆ. ಬಾರಿನ ಮಾಲಕ ಯಾವ ಧರ್ಮದವನೆಂದು ಕೇಳದೆ ಒಳಹೊಕ್ಕವನಿಗೆ ಈಗೇಕೆ ಈ ಸಂಕೋಚ? ಆ ಸಂಘಟನೆ ಯಾವ ಧರ್ಮಕ್ಕೂ ಸೇರಿದ್ದಲ್ಲ. ಅಷ್ಟಾಗಿಯೂ ಮನಸ್ಸೊಪ್ಪದಿದ್ದರೆ, 1989ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಮುಸ್ಲಿಮರು ಅದೇ ಹನ್ನೆರಡು ಹೆಜ್ಜೆಗಳನ್ನು ಇಸ್ಲಾಮಿನ ಚೌಕಟ್ಟಿಗೆ ಅಳವಡಿಸಿ ಮಿಲ್ಲತಿ ಇಸ್ಲಾಮಿ ಎಂಬ ಕೂಟ ಕಟ್ಟಿದ್ದನ್ನು ನೋಡಬಹುದು. ಪಾಪವನ್ನು ಬಹಿರಂಗಪಡಿಸಬಾರದಲ್ಲವೇ ಎಂಬ ಪ್ರಶ್ನೆ ಮಾತ್ರ ಗಂಭೀರವಾದುದು. ಆದರೆ ರೋಗಿಯು ತನ್ನಂಥದೇ ರೋಗಿಗಳ ಮುಂದೆ, ಹೊರಗೆ ಹೋಗದೆಂಬ ಭರವಸೆಯಲ್ಲಿ, ಬಿಡುವುದಕ್ಕಾಗಿ ಆಡುವ ಮಾತು ಬಡಾಯಿಯಲ್ಲ. ಮಾತನಾಡದೆ ಸುಮ್ಮನೆ ಕುಳಿತು ಬರಲೂ ಅಲ್ಲಿ ಅವಕಾಶವಿದೆ.

ಮದ್ಯಪಾನಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾದ ವ್ಯಕ್ತಿಯೊಬ್ಬರನ್ನು ಒಬ್ಬರು ಶಪಿಸಿದಾಗ ಪ್ರವಾದಿ(ಸ)ರು ತಡೆದುದನ್ನೂ, ಆತ ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುವವನೆಂದು ಸಾಕ್ಷ್ಯ ನುಡಿದುದನ್ನೂ ಸಹೀಹ್ ಬುಖಾರಿ ದಾಖಲಿಸಿದೆ. ಶಿಕ್ಷೆಯನ್ನು ಅವರು ಕೈಬಿಡಲಿಲ್ಲ, ಮನುಷ್ಯನನ್ನೂ ಕೈಬಿಡಲಿಲ್ಲ. ನಮ್ಮ ಜಮಾಅತ್‌ಗಳಲ್ಲಿ ಆಗುತ್ತಿರುವುದು ತದ್ವಿರುದ್ಧ. ಬಹಿಷ್ಕಾರದ ನೋಟಿಸು ತಂದೆಗೆ, ಅದರ ಬರೆ ಮಗಳ ಮದುವೆಯ ಸಂಬಂಧಕ್ಕೆ. ಹೆಂಡತಿಗೋ ಸಬ್ರ್ ಮಾಡೆಂಬ ಉಪದೇಶ. ಏಟು ತಿಂದು, ಒಡವೆ ಮಾರಿ, ಮಕ್ಕಳ ಫೀಸು ಕಟ್ಟಲಾಗದೆ ಆಕೆ ಮಾಡುತ್ತಿರುವುದು ಸಬ್ರ್ ಅಲ್ಲದೆ ಮತ್ತೇನು? ವ್ಯಸನಿಗಳ ಮನೆಯವರಿಗೆಂದೇ 1951ರಿಂದ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ ಎಂಬುದನ್ನು ಎಷ್ಟು ಕಮಿಟಿಗಳು ಆಕೆಗೆ ತಿಳಿಸಿವೆ?

ನಾವು ಹೊಸ ಕಟ್ಟಡ ಕೇಳುತ್ತಿಲ್ಲ. ಸಂಜೆಯ ವೇಳೆ ಬೀಗ ಹಾಕಿರುವ ಮದ್ರಸದ ಒಂದು ಕೋಣೆ, ನಾಲ್ಕೈದು ಕುರ್ಚಿ, ವಾರಕ್ಕೊಮ್ಮೆ ಅಸರ್‌ನಿಂದ ಮಗ್ರಿಬ್‌ವರೆಗೆ. ಒಳಗೆ ಬಂದವರ ಹೆಸರನ್ನು ಕಮಿಟಿಯ ಯಾರೂ ಬರೆದಿಡಬಾರದು, ಬಾಗಿಲಲ್ಲಿ ನಿಂತು ನೋಡಬಾರದು. ನಡೆಸುವ ಹೊಣೆ ಕುಡಿತ ಬಿಟ್ಟವರದೇ ಆಗಿರಲಿ. ಮುಂದಿನ ಮಹಾಸಭೆಯಲ್ಲಿ ಮಿನಾರದ ಬಣ್ಣದ ಚರ್ಚೆ ಮುಗಿದ ಮೇಲಾದರೂ ಆ ಬೀಗದ ಕೈ ಯಾರ ಬಳಿ ಇದೆಯೆಂದು ಸದಸ್ಯರು ಅಧ್ಯಕ್ಷರನ್ನು ಕೇಳಲಿ.