ತಕ್ಕಡಿಯ ಮೋಸ

ವಿಶ್ವವಿದ್ಯಾಲಯದ ಅಧ್ಯಾಪಕ ಹುದ್ದೆಗಳ ಮೀಸಲಾತಿಯನ್ನು ವಿಭಾಗವಾರು ಲೆಕ್ಕ ಹಾಕಬೇಕೆಂದು 2017ರಲ್ಲಿ ಅಲಹಾಬಾದ್ ಹೈಕೋರ್ಟು ತೀರ್ಪಿತ್ತಿತು, 2018ರಲ್ಲಿ ಯು.ಜಿ.ಸಿ. ಅದನ್ನೇ ಆಜ್ಞೆ ಮಾಡಿತು. ಆ ಸರದಿಯಲ್ಲಿ ಹಿಂದುಳಿದವರಿಗೆ 4ನೆಯ ಹುದ್ದೆ, ಪರಿಶಿಷ್ಟ ಜಾತಿಗೆ 7ನೆಯದು, ಪರಿಶಿಷ್ಟ ಪಂಗಡಕ್ಕೆ 14ನೆಯದು. ಮೂರೇ ಹುದ್ದೆಗಳ ವಿಭಾಗದಲ್ಲಿ ಮೊದಲ ಸುತ್ತಿಗೆ ಇವರಾರಿಗೂ ಪಾಲಿಲ್ಲ! ಮೂಟೆಯನ್ನು ಚಿಟಿಕೆಯಾಗಿ ತೂಗಿ, ಪ್ರತಿ ತೂಕದಲ್ಲೂ ಚೂರು ನುಂಗುವ ಮೋಸವನ್ನು ನಮ್ಮ ವ್ಯಾಪಾರಿಗಳು ಬಲ್ಲರು.

ಜನ ಬೀದಿಗಿಳಿದರು. ಕೇಂದ್ರದ ವಿದ್ಯಾಸಂಸ್ಥೆಗಳಲ್ಲಿ ಇಡೀ ಸಂಸ್ಥೆಯೇ ಒಂದು ಘಟಕವೆಂದು 2019ರ ಕಾಯಿದೆ ಹೇಳಿತು.

ಇಷ್ಟು ಸಾಲದು. ‘ಅರ್ಹರು ಸಿಗಲಿಲ್ಲ’ ಎಂದು ಬರೆದು ಹುದ್ದೆಯನ್ನು ಖಾಲಿ ಬಿಡುವ ಚಾಳಿ ಕಾಯಿದೆಯೊಂದರಿಂದಲೇ ಸಾಯದು. ಎಷ್ಟು ಮೀಸಲು ಹುದ್ದೆ ತುಂಬಿತು, ಎಷ್ಟು ಉಳಿಯಿತು, ಏಕೆ ಉಳಿಯಿತು—ಪ್ರತಿ ವಿಶ್ವವಿದ್ಯಾಲಯವೂ ವರ್ಷವರ್ಷ ಜನರ ಮುಂದಿಡಲಿ. ಗಿರಣಿ ಕಾರ್ಮಿಕನ ಮಗಳು ತರಗತಿಯಲ್ಲಿ ಕುಳಿತರಷ್ಟೇ ಸಾಲದು. ಅಲ್ಲಿ ಪಾಠ ಹೇಳುವವಳೂ ಆಗಬೇಕು.