ಮಿನಿ ಟ್ರ್ಯಾಕ್ಟರ್: ಹೆಸರಿಗಿಂತ ನೆಲಕ್ಕೊಪ್ಪುವ ಆಯ್ಕೆ ಮುಖ್ಯ

ಸರಕು ಮತ್ತು ಸೇವಾ ತೆರಿಗೆಯಲ್ಲಿ 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಬದಲಾವಣೆಯಿಂದ ಟ್ರ್ಯಾಕ್ಟರುಗಳ ಮೇಲಿನ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಟ್ರ್ಯಾಕ್ಟರ್ ಟೈರು ಹಾಗೂ ಹಲವು ಬಿಡಿಭಾಗಗಳ ಮೇಲಿದ್ದ ಶೇ. 18ರ ತೆರಿಗೆಯೂ ಶೇ. 5ಕ್ಕೆ ಬಂದಿದೆ. ತೆರಿಗೆ ಹೊರತಾಗಿ 5 ಲಕ್ಷ ರೂ. ಬೆಲೆಯ ಯಂತ್ರವೊಂದರಲ್ಲಿ ಕೊಳ್ಳುವವನಿಗೆ 35,000 ರೂ. ಉಳಿಯುತ್ತದೆ. ಈ ಉಳಿತಾಯವು ಸಣ್ಣ ಹಿಡುವಳಿದಾರರನ್ನು ಮಿನಿ ಟ್ರ್ಯಾಕ್ಟರಿನತ್ತ ಸೆಳೆಯುವುದು ಸಹಜ. ಆದರೆ ಯಾವ ಯಂತ್ರ ಯಾವ ನೆಲಕ್ಕೆ ಎಂಬ ವಿವೇಚನೆ ಇಲ್ಲದೆ ನಡೆಯುವ ಮಾರಾಟ ರೈತನಿಗೂ ವರ್ತಕನಿಗೂ ಹಿತಕರವಲ್ಲ.

ಮಾರುಕಟ್ಟೆಯಲ್ಲಿರುವ ಯಂತ್ರಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮಹೀಂದ್ರ ಯುವರಾಜ್ 215, ಸ್ವರಾಜ್ 717 ಮುಂತಾದವು 15 ಅಶ್ವಶಕ್ತಿಯ, ಒಂದೇ ಸಿಲಿಂಡರಿನ ಸರಳ ಯಂತ್ರಗಳು. ರಚನೆ ಸರಳವಾದುದರಿಂದ ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ಕನಿಗೆ ದುರಸ್ತಿ ಸುಲಭ. ಆದರೆ ಕಂಪನ ಹೆಚ್ಚು. ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆಯ ಎಂ.ಟಿ. 180 ಡಿ ಎರಡನೆಯ ಬಗೆಯದು: ಸುಮಾರು 18.5 ಅಶ್ವಶಕ್ತಿ, ಮೂರು ಸಿಲಿಂಡರು, ಹಗುರ ದೇಹ. ಮೂರನೆಯದು 24 ಅಶ್ವಶಕ್ತಿಯ, ನಾಲ್ಕೂ ಚಕ್ರಗಳಿಗೆ ಚಾಲನೆಯುಳ್ಳ ವರ್ಗ. ಮಹೀಂದ್ರ ಜೀವೋ 245 ಮತ್ತು ಕುಬೋಟಾ ನಿಯೋಸ್ಟಾರ್ ಬಿ 2441 ಇದಕ್ಕೆ ಸೇರುತ್ತವೆ. ಎರಡರ ಹೈಡ್ರಾಲಿಕ್ ಎತ್ತುವ ಸಾಮರ್ಥ್ಯವೂ 750 ಕೆ.ಜಿ. ಜೀವೋಗೆ ಎರಡು ಸಿಲಿಂಡರು. ಅದು ಕಡಿಮೆ ಸುತ್ತಿನಲ್ಲಿಯೇ ಪೂರ್ಣ ಶಕ್ತಿ ನೀಡುತ್ತದೆ. ಕುಬೋಟಾಕ್ಕೆ ಮೂರು; ಅದರ ಓಟ ನುಣುಪು. ಕಾಗದದ ಮೇಲೆ ಸಮಾನವಾಗಿ ಕಾಣುವ ಯಂತ್ರಗಳೂ ಹೊಲದಲ್ಲಿ ಬೇರೆಬೇರೆಯಾಗಿ ವರ್ತಿಸುವುದಕ್ಕೆ ಇದೇ ಕಾರಣ.

ಚನ್ನಗಿರಿಯ ಅಡಿಕೆ ತೋಟಗಳಲ್ಲಿ ಸಾಲುಗಳ ಅಂತರ ಸಾಮಾನ್ಯವಾಗಿ 9 ಅಡಿ. ನಡುವೆ ಬಾಳೆಯೋ ಕೋಕೋವೋ ಇದ್ದರೆ ಉಳಿಯುವ ದಾರಿ ಕಿರಿದು. ಇಲ್ಲಿ ಯಂತ್ರದ ಅಗಲ, ತಿರುಗುವ ವ್ಯಾಪ್ತಿ ಮತ್ತು ರೋಟವೇಟರಿನ ಅಳತೆಗಳೇ ನಿರ್ಣಾಯಕ. ಅಶ್ವಶಕ್ತಿಯ ಹೆಚ್ಚಳಕ್ಕೆ ಬೆಲೆಯಿಲ್ಲ. ಹೊನ್ನಾಳಿಯ ಭತ್ತದ ಗದ್ದೆಗಳ ಪರೀಕ್ಷೆ ಬೇರೆ. ಕೆಸರು ಕಲಸುವಾಗ ನಾಲ್ಕು ಚಕ್ರದ ಚಾಲನೆ, ಎಣ್ಣೆಯಲ್ಲಿ ಮುಳುಗಿರುವ ಬ್ರೇಕು, ಮುಂದಿನ ಆಕ್ಸಲ್ಲಿನ ಸೀಲುಗಳ ಗಟ್ಟಿತನ ಇವೇ ಯಂತ್ರದ ಆಯುಷ್ಯವನ್ನು ನಿರ್ಧರಿಸುತ್ತವೆ. ಸೀಲು ಸೋರಿ ಕೆಸರು ಒಳಹೊಕ್ಕರೆ ಬೇರಿಂಗು, ಗೇರುಗಳ ಸರದಿ ಬರಲು ತಡವಾಗದು. ನ್ಯಾಮತಿಯಲ್ಲಿ ಮಳೆಯಾಶ್ರಿತ ಮೆಕ್ಕೆಜೋಳವೂ ಅಡಿಕೆಯೂ ಅಕ್ಕಪಕ್ಕದಲ್ಲಿರುವುದರಿಂದ ಚಕ್ರಗಳ ನಡುವಣ ಅಂತರವನ್ನು ಹೊಂದಿಸಿಕೊಳ್ಳಬಲ್ಲ ಯಂತ್ರಕ್ಕೆ ಹೆಚ್ಚು ಉಪಯುಕ್ತತೆ.

ಜಗಳೂರಿನ ವಿಷಯದಲ್ಲಿ ನೇರವಾದ ಮಾತು ಅಗತ್ಯ. ಬಯಲುಸೀಮೆಯ ವಿಶಾಲ ಹೊಲಗಳಲ್ಲಿ, ಮಳೆ ಬಿದ್ದ ಕೆಲವೇ ದಿನಗಳ ಹದದಲ್ಲಿ ಆಳವಾದ ಉಳುಮೆ ಮುಗಿಯಬೇಕು. ಹಗುರವಾದ ಮಿನಿ ಟ್ರ್ಯಾಕ್ಟರಿನ ಚಕ್ರ ಗಟ್ಟಿನೆಲದಲ್ಲಿ ಜಾರುತ್ತದೆ, ಡೀಸೆಲ್ ವ್ಯರ್ಥವಾಗುತ್ತದೆ. ಅಲ್ಲಿ ಅದು ಬಿತ್ತನೆಗೆ, ಎಡೆಕುಂಟೆಗೆ, ಔಷಧಿ ಸಿಂಪಡಣೆಗೆ ತಕ್ಕ ಯಂತ್ರವೇ ಹೊರತು 40 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಬದಲಿಯಲ್ಲ. ಮೆಕ್ಕೆಜೋಳ ತುಂಬಿದ ಭಾರಿ ಟ್ರೇಲರನ್ನು ಅದಕ್ಕೆ ಕಟ್ಟಿ ದಾವಣಗೆರೆ ಮಾರುಕಟ್ಟೆಗೆ ಹೊರಡುವುದು ಅಪಾಯವನ್ನು ಆಹ್ವಾನಿಸಿದಂತೆ. ಈ ಮಿತಿಯನ್ನು ಗಿರಾಕಿಗೆ ಮೊದಲೇ ತಿಳಿಸುವ ವಿತರಕ ಒಂದು ಮಾರಾಟವನ್ನು ಕಳೆದುಕೊಳ್ಳಬಹುದು, ಆದರೆ ಊರಿನ ವಿಶ್ವಾಸವನ್ನು ಗಳಿಸುತ್ತಾನೆ.

ಗುಣಮಟ್ಟವನ್ನು ಬಣ್ಣ ನೋಡಿ ಅಳೆಯಬೇಕಾಗಿಲ್ಲ. ಮಧ್ಯಪ್ರದೇಶದ ಬುಧ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯ ವರದಿಗಳಲ್ಲಿ ಪಿ.ಟಿ.ಒ. ಶಕ್ತಿ, ಇಂಧನ ಬಳಕೆ, ಎಳೆಯುವ ಬಲ, ಹೈಡ್ರಾಲಿಕ್ ಸಾಮರ್ಥ್ಯಗಳು ದಾಖಲಾಗಿರುತ್ತವೆ. ಜಾಹೀರಾತಿನಲ್ಲಿ ಎದ್ದು ಕಾಣುವುದು ಎಂಜಿನ್ನಿನ ಶಕ್ತಿ. ರೋಟವೇಟರನ್ನು ತಿರುಗಿಸುವುದು ಅದಕ್ಕಿಂತ ಕಡಿಮೆಯಿರುವ ಪಿ.ಟಿ.ಒ. ಶಕ್ತಿ. ಹೋಲಿಕೆಯನ್ನು ಅಲ್ಲಿಂದ ಆರಂಭಿಸುವುದು ಸೂಕ್ತ.

ಸ್ಥಳೀಯ ಉಪಕರಣ ತಯಾರಕರ ಹೊಣೆಯೂ ಇಲ್ಲಿದೆ. ದೊಡ್ಡ ಟ್ರ್ಯಾಕ್ಟರಿನ ಕುಂಟೆ, ಕೂರಿಗೆಗಳನ್ನೇ ಅಲ್ಪಸ್ವಲ್ಪ ಕತ್ತರಿಸಿ ಮಿನಿ ಟ್ರ್ಯಾಕ್ಟರಿಗೆ ಜೋಡಿಸಿದರೆ ಹೈಡ್ರಾಲಿಕ್ ಪಂಪು ಬೇಗ ಸವೆಯುತ್ತದೆ, ಮುಂಭಾಗ ಮೇಲೇಳುತ್ತದೆ, ದೂರು ಮಾತ್ರ ಟ್ರ್ಯಾಕ್ಟರಿನ ಮೇಲೆ ಬರುತ್ತದೆ. ತೂಕವನ್ನೂ ಹೊಂದುವ ಅಶ್ವಶಕ್ತಿಯನ್ನೂ ಉಪಕರಣದ ಮೇಲೆಯೇ ಅಚ್ಚೊತ್ತುವ ಪದ್ಧತಿಗೆ ವೆಚ್ಚ ಅತ್ಯಲ್ಪ. ಆಯಾ ತಾಲ್ಲೂಕಿನ ಬೆಳೆಗೆ ಹೊಂದುವ ಹಗುರ ಉಪಕರಣಗಳನ್ನು ಇಲ್ಲಿನ ವರ್ಕ್‌ಶಾಪುಗಳೇ ತಯಾರಿಸಿದರೆ ಹೊರಗೆ ಹರಿಯುವ ಹಣ ಇಲ್ಲೇ ಉಳಿಯುತ್ತದೆ.

ಬಿತ್ತನೆಯ ವಾರದಲ್ಲಿ ಒಂದು ಸೀಲಿಗಾಗಿ ಯಂತ್ರ ನಿಂತರೆ ರೈತನ ಹಂಗಾಮು ತಪ್ಪುತ್ತದೆ. ಸಾಲದ ಕಂತು ಬಾಕಿಯಾಗುತ್ತದೆ. ಕೊನೆಗೆ ಗೊಬ್ಬರದ ಅಂಗಡಿಯ ಉದ್ರಿಯೂ ಬಾಕಿಯ ಪಟ್ಟಿ ಸೇರುತ್ತದೆ. ಆದುದರಿಂದ ಕ್ಲಚ್ ಪ್ಲೇಟು, ಫಿಲ್ಟರು, ಸೀಲು, ಬೇರಿಂಗುಗಳನ್ನು ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ದಾಸ್ತಾನಿಡುವ ಲಿಖಿತ ಭರವಸೆಯನ್ನು ವಿತರಕರು ನೀಡುವಂತಾಗಬೇಕು. ಇಂಥ ಒಡಂಬಡಿಕೆಗೆ ವಿತರಕರನ್ನೂ ಬಿಡಿಭಾಗ ವರ್ತಕರನ್ನೂ ಒಂದೆಡೆ ಸೇರಿಸುವ ಕಾರ್ಯವನ್ನು ವಾಣಿಜ್ಯ ಸಂಸ್ಥೆಯು ಮುಂದಿನ ಮುಂಗಾರಿಗೆ ಮುನ್ನವೇ ಕೈಗೊಳ್ಳುವುದು ಉಚಿತ.